ರಾತ್ರಿ 11ಕ್ಕೆ ರೈಡ್, ಬೆಳಗ್ಗೆ 6ಕ್ಕೆ ಮಗಳು: ನಾನೀಗ ಕ್ಯಾಶುವಲ್ಲಾ?

ಕೇಳಿದವರು: ನಿದ್ದೆಗೆಟ್ಟ ಹೀಲರ್

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ನನಗೆ 34 ವರ್ಷ, ಬೆಂಗಳೂರಿನಲ್ಲಿ ಕೆಲಸ, ಎರಡು ವರ್ಷದ ಮಗಳಿದ್ದಾಳೆ. ಕಾಲೇಜಿನ ಗೆಳೆಯರ ಜೊತೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಗೇಮ್ ಆಡುತ್ತೇನೆ. ಇಬ್ಬರು ಇಲ್ಲೇ ಇದ್ದಾರೆ, ಒಬ್ಬ ಬರ್ಲಿನ್, ಇನ್ನೊಬ್ಬ ಆಮ್‌ಸ್ಟರ್‌ಡ್ಯಾಮ್. ಹಾಗಾಗಿ ಯುರೋಪ್ ಸರ್ವರ್. ಗಿಲ್ಡ್‌ನಲ್ಲಿ (ನಮ್ಮ ಆಟಗಾರರ ಸಂಘ) ನಾನು ಹೀಲರ್, ಅಂದರೆ ಜೊತೆಯವರ ಪ್ರಾಣ ಕಾಯುವವನು.

ಮೊದಲೆಲ್ಲ ವಾರಕ್ಕೊಂದು ದಿನ ಸುಮ್ನೆ ಸೇರುತ್ತಿದ್ದೆವು. ಈ ಸೀಸನ್‌ನಿಂದ ಮಿಥಿಕ್ ರೈಡ್ (ಗುಂಪಾಗಿ ಬಾಸ್ ಅನ್ನುವ ದೊಡ್ಡ ಶತ್ರುಗಳನ್ನ ಕೊಲ್ಲುವುದು ರೈಡ್, ಮಿಥಿಕ್ ಅದರ ಅತಿ ಕಷ್ಟದ ಹಂತ) ಮಾಡೋಣ ಅಂತ ವಾರಕ್ಕೆ ಮೂರು ರಾತ್ರಿ ಇಟ್ಟಿದ್ದಾರೆ. ಅಲ್ಲಿ ಸಂಜೆ 7.30, ನಮಗೆ ರಾತ್ರಿ 11. ಮುಗಿಯುವಾಗ ಎರಡೂವರೆ. ಮಗಳು ಬೆಳಗ್ಗೆ 6ಕ್ಕೆ ಎದ್ದು ನನ್ನ ಕಣ್ಣುರೆಪ್ಪೆ ಎಳೆಯುತ್ತಾಳೆ. ಒಂದು ರಾತ್ರಿ ಆದೀತು, ಮೂರು ಆಗಲ್ಲ ಅಂದೆ. "ಪರವಾಗಿಲ್ಲ ಬಿಡು ಮಗಾ, ನೀನು ಕ್ಯಾಶುವಲ್" ಅಂದ ಒಬ್ಬ. ಸುಮ್ನೆ ಟೈಮ್‌ಪಾಸ್‌ಗೆ ಆಡುವವನು ಅಂತ ಅರ್ಥ. ಬೈದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ. 2010ರಿಂದ ಆಡುತ್ತಿದ್ದೇನೆ ರೀ.

ಗಿಲ್ಡ್ ಬಿಡಲಾ? ಬೇರೆ ಗೇಮ್ ಹಿಡಿಯಲಾ? ಹೇಗಾದರೂ ಮಾಡಿ ಮೂರು ರಾತ್ರಿ ಹೊಂದಿಸಲಾ? ಇದೇ ಗತಿ ಕಂಡವರು ಹೇಳಿ.

ಹಳೇ ಟ್ಯಾಂಕ್

ಮೊದಲು ಗಡಿಯಾರದ ವಿಷಯ. ರಾತ್ರಿ 11 ಅನ್ನುವುದು ಅಲ್ಲಿನ ಬೇಸಿಗೆ ಲೆಕ್ಕ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಅದೇ 7.30 ನಿಮಗೆ ಸರಿಯಾಗಿ ಮಧ್ಯರಾತ್ರಿ 12. ಮಾರ್ಚ್ ಕೊನೆಯವರೆಗೂ ಹಾಗೇ. ಅಂದರೆ ಚಳಿಗಾಲದಲ್ಲಿ ನಿಮ್ಮ ರೈಡ್ ಮುಗಿಯುವುದು ಮೂರೂವರೆಗೆ. ಮೂರು ರಾತ್ರಿ ಒಪ್ಪಿಕೊಳ್ಳುವ ಮುಂಚೆ ಇದನ್ನ ಮನೆಯಲ್ಲಿ ಹೇಳಿಬಿಡಿ.

ಈಗ ನನ್ನ ಕಥೆ. 2019ರ ಆಗಸ್ಟ್‌ನಲ್ಲಿ ಇದೇ ಗೇಮ್‌ನ ಹಳೇ ರೂಪ ಕ್ಲಾಸಿಕ್ ಬಂತಲ್ಲ, ಆಗ ನಾನು ಒಂದು ಗಿಲ್ಡ್‌ನ ಮೇನ್ ಟ್ಯಾಂಕ್, ಅಂದರೆ ಎದುರಿಗೆ ನಿಂತು ಬಾಸ್‌ನ ಏಟು ತಿನ್ನುವವನು. ಮೋಲ್ಟನ್ ಕೋರ್ ಅನ್ನುವ ರೈಡ್‌ಗೆ 40 ಜನ ಹೋಗುತ್ತಿದ್ದೆವು. ರೈಡ್ ದಿನ ಆಡುವುದಷ್ಟೇ ಅಲ್ಲ ಕಷ್ಟ. ಆನಿಕ್ಸಿಯಾ ಅನ್ನುವ ಡ್ರ್ಯಾಗನ್ ಕೊಂದು ಅದರ ತಲೆ ತಂದು ಊರಲ್ಲಿ ನೇತುಹಾಕಿದರೆ, ಆಗ ಅಲ್ಲಿದ್ದವರಿಗೆಲ್ಲ ಎರಡು ಗಂಟೆಯ ಬಫ್ (ಹೆಚ್ಚುವರಿ ಶಕ್ತಿ) ಸಿಗುತ್ತದೆ. ಸತ್ತರೆ ಹೋಯಿತು. ಆದರೆ ಲಾಗೌಟ್ ಆದರೆ ಆ ಎರಡು ಗಂಟೆ ಹಾಗೇ ನಿಂತಿರುತ್ತದೆ. ಅದಕ್ಕೇ ಎಲ್ಲರೂ ಏನು ಮಾಡುತ್ತಿದ್ದರು ಅಂದರೆ, ಬಫ್ ತಗೊಂಡು ಲಾಗೌಟ್ ಆಗಿ, ರೈಡ್‌ವರೆಗೆ ಆ ಪಾತ್ರವನ್ನ ಮುಟ್ಟುತ್ತಲೇ ಇರಲಿಲ್ಲ. ತಿಂಗಳಿಗೆ ದುಡ್ಡು ಕಟ್ಟಿ ನನ್ನ ಪಾತ್ರವನ್ನ ನಾನೇ ಆಡುವ ಹಾಗಿಲ್ಲ! ಉಪ್ಪಿನಕಾಯಿ ಭರಣಿ ಥರ ಬಟ್ಟೆ ಕಟ್ಟಿ ಇಟ್ಟಿದ್ದೆ.

ಒಂದು ಮಳೆ ರಾತ್ರಿ. ಹತ್ತನೇ ಬಾಸ್, ರಾಗ್ನರೋಸ್, ಕೊನೆಯವನು. ನಾನು ಎದುರಿಗೆ ನಿಂತಿದ್ದೇನೆ. ಕರೆಂಟ್ ಹೋಯಿತು. ಕಂಪ್ಯೂಟರ್‌ಗೆ ಯುಪಿಎಸ್ ಇತ್ತು, ರೌಟರ್‌ಗೆ ಇರಲಿಲ್ಲ. ಪರದೆ ಮೇಲೆ ಎಲ್ಲರೂ ನಿಂತಲ್ಲೇ ಓಡುತ್ತಿದ್ದಾರೆ. ಫೋನ್ ಹುಡುಕಿ, ಹಾಟ್‌ಸ್ಪಾಟ್ ಹಾಕಿ ವಾಪಸ್ ಬರುವಷ್ಟರಲ್ಲಿ 40 ಜನಾನೂ ಮಲಗಿದ್ದರು. ಯಾರೂ ಬೈಯಲಿಲ್ಲ. ಚಾಟ್‌ನಲ್ಲಿ ಒಬ್ಬ ಒಂದು ಚುಕ್ಕಿ ಹಾಕಿದ. ಬರೀ ಒಂದು ಚುಕ್ಕಿ. ಅದು ಇವತ್ತಿಗೂ ನೆನಪಿದೆ.

ಆಗ ನಾನು ವಾರಕ್ಕೆ ಹತ್ತು ಗಂಟೆಯೂ ಆಡುತ್ತಿರಲಿಲ್ಲ. ಅದೇ ಗಿಲ್ಡ್‌ನಲ್ಲಿ ಒಬ್ಬ ದಿನವಿಡೀ ಗಿಡ ಕೀಳುತ್ತಾ, ಮೀನು ಹಿಡಿಯುತ್ತಾ ತಿರುಗುತ್ತಿದ್ದ. ಗಂಟೆ ಲೆಕ್ಕ ಹಾಕಿದರೆ ಅವನೇ ಹಾರ್ಡ್‌ಕೋರ್, ಅಂದರೆ ಕ್ಯಾಶುವಲ್‌ಗೆ ತದ್ವಿರುದ್ಧ. ಆದರೆ ಅವನು ಒಂದು ತಿಂಗಳು ಬರದಿದ್ದರೂ ಯಾರಿಗೂ ತೊಂದರೆ ಇಲ್ಲ. ನಾನು ಹತ್ತು ನಿಮಿಷ ಮಾಯವಾದರೆ 39 ಜನರ ರಾತ್ರಿ ಕೆಡುತ್ತಿತ್ತು. ನಿಮ್ಮ ಪ್ರಶ್ನೆಯೂ ಅದೇ ಅಲ್ವಾ? ನಿಮ್ಮನ್ನ ನಂಬಿಕೊಂಡು ಎಷ್ಟು ಜನ ಕೂತಿರುತ್ತಾರೆ, ಮಗಳು ಅತ್ತರೆ ಎದ್ದು ಹೋಗಬಹುದಾ, ಅಷ್ಟು ನೋಡಿಕೊಳ್ಳಿ.

ಬುಧವಾರ ರಜೆ

ನಾನು ಆ ಕಡೆಯವನು, ಹಾರ್ಡ್‌ಕೋರ್. ಹೊಸ ರೈಡ್ ತೆರೆಯುವ ವಾರ ಆಫೀಸಿಗೆ ರಜೆ ಹಾಕುತ್ತೇನೆ. ಯುರೋಪ್‌ನಲ್ಲಿ ವಾರದ ರೀಸೆಟ್ (ರೈಡ್ ಮತ್ತೆ ಹೊಸದಾಗಿ ಶುರುವಾಗುವುದು) ಬುಧವಾರ, ಅದಕ್ಕೇ ಈ ಹೆಸರು. ಕ್ರಿಕೆಟ್ ಫೈನಲ್‌ಗೆ ರಜೆ ಹಾಕಿದರೆ ಎಲ್ಲರೂ ನಗುತ್ತಾ ಬಿಡುತ್ತಾರೆ, ಇದಕ್ಕೆ ಹಾಕಿದರೆ ಮಾತ್ರ ಅಮ್ಮ ಅಜ್ಜಿಗೆ ಫೋನ್ ಮಾಡಿ ಹೇಳುತ್ತಾರೆ.

ಬೇಜಾರ್ ಮಾಡ್ಕೋಬೇಡಿ, ನಿಮ್ಮ ಗೆಳೆಯರು ಹೇಳಿದ್ದರಲ್ಲಿ ನ್ಯಾಯ ಇದೆ. ಮಿಥಿಕ್‌ಗೆ ಸರಿಯಾಗಿ 20 ಜನ ಬೇಕು. ಕಳೆದ ಸಲ ಕೊನೆಯ ಬಾಸ್ ಬೀಳಿಸಲು ನಮಗೆ 212 ಪ್ರಯತ್ನ ಬೇಕಾಯಿತು. ಬುಧವಾರ ಕಲಿತದ್ದನ್ನ ಗುರುವಾರ ಮುಂದುವರಿಸುತ್ತೇವೆ. ಬುಧವಾರ ಇಲ್ಲದವನು ಗುರುವಾರ ಬಂದರೆ ಉಳಿದ 19 ಜನ ಅವನಿಗೋಸ್ಕರ ಮತ್ತೆ ಸಾಯಬೇಕು. ಡ್ಯಾಮೇಜ್ ಹೊಡೆಯುವವನಾದರೆ ಹೇಗೋ ತಳ್ಳಬಹುದು. ಹೀಲರ್‌ಗಳು ಯಾರು ಯಾವ ಕ್ಷಣಕ್ಕೆ ದೊಡ್ಡ ಸ್ಪೆಲ್ ಹಾಕಬೇಕು ಅಂತ ಸೆಕೆಂಡ್ ಲೆಕ್ಕದಲ್ಲಿ ಹಂಚಿಕೊಂಡಿರುತ್ತಾರೆ. ಒಬ್ಬರು ಬದಲಾದರೆ ಪೂರ್ತಿ ಪಟ್ಟಿ ಬದಲು.

ಆ "ಪರವಾಗಿಲ್ಲ ಬಿಡು" ಅನ್ನುವ ಧಾಟಿ ಮಾತ್ರ ತಪ್ಪು. ಅದನ್ನ ನಾನೂ ಒಬ್ಬರಿಗೆ ಅಂದಿದ್ದೇನೆ. ಅವರು ಆಮೇಲೆ ಲಾಗಿನ್ ಆಗಲೇ ಇಲ್ಲ.

ಹಾಜರಿ ಪುಸ್ತಕ

ಐದು ವರ್ಷ ಗಿಲ್ಡ್ ನಡೆಸಿದವಳು ನಾನು. ಇದು ಮದುವೆ ಮನೆಯ ಅಡುಗೆ ಭಟ್ಟರ ಕೆಲಸ. ಎಷ್ಟು ಎಲೆ ಅಂತ ಮುಂಚೆ ಗೊತ್ತಾದರೆ ಸಾಕು, ಅಡುಗೆ ಆಗುತ್ತದೆ. ಬರಲ್ಲ ಅಂದವರ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಬರ್ತೀನಿ ಅಂದು ಬರದವರನ್ನ ಮಾತ್ರ ಮರೆತಿಲ್ಲ.

ನೀವು ಯಾರೂ ಹೇಳದ ಒಂದು ದಾರಿ ನೋಡಬೇಕು. ಮಿಥಿಕ್‌ಗೆ 20 ಅನ್ನುವುದು ನಿಜ. ಆದರೆ ಅದಕ್ಕಿಂತ ಸುಲಭದ ನಾರ್ಮಲ್ ಮತ್ತು ಹೀರೋಯಿಕ್ ಹಂತಗಳಿಗೆ 10ರಿಂದ 30 ಜನ ಎಷ್ಟಿದ್ದರೂ ನಡೆಯುತ್ತದೆ. ಜನ ಹೆಚ್ಚಿದರೆ ಬಾಸ್‌ನ ಪ್ರಾಣವೂ ಹೆಚ್ಚು, ಕಮ್ಮಿಯಾದರೆ ಅದೂ ಕಮ್ಮಿ. ನೀವು ನಡುವೆ ಎದ್ದು ಹೋದರೆ ಮುಂದಿನ ಪ್ರಯತ್ನಕ್ಕೆ ಬಾಸ್ ಕೂಡ ಅಷ್ಟು ತಗ್ಗುತ್ತಾನೆ. ಈ ಫ್ಲೆಕ್ಸ್ ಪದ್ಧತಿ 2013ರಲ್ಲಿ ಶುರುವಾಯಿತು. ನನ್ನ ಪ್ರಕಾರ ಸಂಸಾರಸ್ಥರಿಗೆ ಆ ಗೇಮ್ ಮಾಡಿದ ದೊಡ್ಡ ಉಪಕಾರ ಅದೇ. ಅದಕ್ಕೂ ಹಿಂದೆ ಬಲು ಕಷ್ಟವಿತ್ತು. 2006ರಲ್ಲಿ ನಕ್ಸ್‌ರಾಮಸ್ ಅನ್ನುವ ರೈಡ್ ಬಂದಾಗ ಅದರ ಒಳಗೆ ಏನಿದೆ ಅಂತ ಕಂಡವರೇ ಕಮ್ಮಿ. ಅಷ್ಟು ಕೆಲಸ ಮಾಡಿ ಕಟ್ಟಿದ್ದನ್ನ ಯಾರೂ ನೋಡಲಿಲ್ಲ ಅಂತ 2008ರಲ್ಲಿ ಅದನ್ನೇ 10 ಮತ್ತು 25 ಜನಕ್ಕೆ ಮತ್ತೆ ತಂದರು. 2011ರ ಕೊನೆಯಲ್ಲಿ ಗುರುತಿಲ್ಲದವರ ಜೊತೆ ಸಾಲಲ್ಲಿ ನಿಂತು ರೈಡ್ ಮಾಡುವ ಎಲ್‌ಎಫ್‌ಆರ್ ಬಂತು. ಅದು ಬಸ್ ಪ್ರಯಾಣ ಇದ್ದ ಹಾಗೆ. ಊರು ಸೇರುತ್ತೀರಿ, ಪಕ್ಕದವರ ಮುಖ ನೆನಪಿರಲ್ಲ. ನಿಮಗೆ ಬೇಕಾಗಿರುವುದು ಗೆಳೆಯರು, ಹಾಗಾಗಿ ಅದನ್ನ ಬಿಡಿ.

ಗಿಲ್ಡ್ ಮುಖ್ಯಸ್ಥನಿಗೆ ಹೀಗೆ ಬರೆಯಿರಿ: "ಮಿಥಿಕ್ ಪಟ್ಟಿಯಿಂದ ನನ್ನನ್ನ ಬಿಡು. ವಾರಕ್ಕೆ ಒಂದು ರಾತ್ರಿ, ಇಂಥ ದಿನ, 11ರಿಂದ 1ರವರೆಗೆ ಹೀರೋಯಿಕ್‌ಗೆ ಖಂಡಿತ ಇರುತ್ತೇನೆ. ಆಗದಿದ್ದರೆ ಸಂಜೆ 6ರೊಳಗೆ ಹೇಳುತ್ತೇನೆ." ಅಷ್ಟೇ ಸಾಕು. ಕ್ಷಮೆ ಕೇಳಬೇಡಿ, ಮಗಳ ಫೋಟೋ ಹಾಕಬೇಡಿ. ಮಿಥಿಕ್ ತಂಡಕ್ಕೂ ಹೀರೋಯಿಕ್‌ನಿಂದ ಸಾಮಾನು ಬೇಕಿರುತ್ತದೆ, ಮೊದಲ ಕೆಲವು ವಾರ ಅವರೇ ನಿಮ್ಮನ್ನ ಕರೆಯುತ್ತಾರೆ.

ಗಾಳದ ಅಕ್ಕ

ತಮ್ಮಾ, ನನಗೆ 47. ಮಕ್ಕಳು ಹಾಸ್ಟೆಲ್ ಸೇರಿದ ಮೇಲೆ ಫೈನಲ್ ಫ್ಯಾಂಟಸಿ 14 ಅನ್ನುವ ಇನ್ನೊಂದು ಆನ್‌ಲೈನ್ ಗೇಮ್ ಶುರು ಮಾಡಿದೆ. ಇನ್ನೂ ಫ್ರೀ ಟ್ರಯಲ್‌ನಲ್ಲೇ ಇದ್ದೇನೆ. 2023ರ ಅಕ್ಟೋಬರ್‌ನಿಂದ ಅದರಲ್ಲಿ 70ನೇ ಲೆವೆಲ್‌ವರೆಗೆ ಆಡಬಹುದು, ಇಷ್ಟು ದಿನದೊಳಗೆ ಮುಗಿಸಬೇಕು ಅಂತ ಗಡುವಿಲ್ಲ. ಮಾರುಕಟ್ಟೆಯಲ್ಲಿ ಕೊಳ್ಳುವ ಹಾಗಿಲ್ಲ, ಗಿಲ್ಡ್ ಸೇರುವ ಹಾಗಿಲ್ಲ, ಕೈಯಲ್ಲಿ ಮೂರು ಲಕ್ಷ ಗಿಲ್‌ಗಿಂತ (ಅಲ್ಲಿನ ದುಡ್ಡು) ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ನನಗೇನೂ ತೊಂದರೆ ಆಗಿಲ್ಲ. ಒಂದು ಎಚ್ಚರ: ಒಮ್ಮೆ ಪೂರ್ತಿ ಆಟ ಕೊಂಡರೆ ಆ ಖಾತೆ ಮತ್ತೆ ಟ್ರಯಲ್‌ಗೆ ಇಳಿಯಲ್ಲ.

ನಾನು ಆಡುವುದು ಹೆಚ್ಚಾಗಿ ಮೀನು ಹಿಡಿಯುವುದು. ನಗಬೇಡ. ಅಲ್ಲಿನ ಒಂದು ದಿನ ಅಂದರೆ ನಮ್ಮ 70 ನಿಮಿಷ. ಹವಾಮಾನ 23 ನಿಮಿಷ 20 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಕೆಲವು ದೊಡ್ಡ ಮೀನು ಸಿಗಬೇಕಾದರೆ ಹವಾಮಾನ ಇಂಥದ್ದರಿಂದ ಇಂಥದ್ದಕ್ಕೆ ತಿರುಗಬೇಕು, ಗಂಟೆಯೂ ಕೂಡಿ ಬರಬೇಕು, ಮೊದಲು ಬೇರೆ ಮೀನು ಹಿಡಿದು ಅದನ್ನೇ ಗಾಳಕ್ಕೆ ಚುಚ್ಚಬೇಕು. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಮೀನಿನ ವೇಳೆ ಬರೆದಿಟ್ಟಿದ್ದೇನೆ. ಒಂದು ಮೀನಿಗೆ ಹನ್ನೊಂದು ದಿನ ಕಾದೆ. ಅದು ಕಚ್ಚಿದ ದಿನ ಒಲೆ ಮೇಲೆ ಬೀನ್ಸ್ ಪಲ್ಯ ಸೀದು ಕರ್ರಗಾಯಿತು, ಯಜಮಾನರು ಮೊಸರನ್ನ ತಿಂದು ಮಲಗಿದರು.

ಇಂಥ ನನ್ನನ್ನ ಅಲ್ಲಿ ಕ್ಯಾಶುವಲ್ ಅನ್ನುತ್ತಾರೆ, ಯಾಕೆಂದರೆ ನಾನು ಸ್ಯಾವೇಜ್ ಅನ್ನುವ ಕಷ್ಟದ ರೈಡ್‌ಗೆ ಹೋಗಲ್ಲ. ಅನ್ನಲಿ ಬಿಡು. ಆ ಗೇಮ್‌ನ ನಿರ್ದೇಶಕ ನಾವೊಕಿ ಯೋಶಿದಾ ಅವರೇ, ಬೇಡ ಅನಿಸಿದಾಗ ನಿಲ್ಲಿಸಿ ಬೇರೆ ಆಟ ಆಡಿ, ಹೊಸದು ಬಂದಾಗ ವಾಪಸ್ ಬನ್ನಿ ಅಂತ ಹೇಳಿದ್ದಾರೆ. ಅಂಗಡಿಯವನೇ ನಾಳೆ ಬಾ ಅಂದ ಹಾಗೆ.

ಮೂರು ವರ್ಷ ಗೈರು

ಬೇರೆ ಗೇಮ್ ಬೇಕಿದ್ದರೆ ಗಿಲ್ಡ್ ವಾರ್ಸ್ 2 ನೋಡಿ. 2012ರಲ್ಲಿ ಬಂದಾಗ ಗರಿಷ್ಠ ಲೆವೆಲ್ 80, ಈಗಲೂ 80. ತಿಂಗಳ ಬಾಡಿಗೆ ಇಲ್ಲ. ನಾನು ಮೂರು ವರ್ಷ ಬಿಟ್ಟು ಹೋಗಿ ವಾಪಸ್ ಬಂದೆ, ಅದೇ ಕವಚ, ಅದೇ ಕತ್ತಿ, ಎಲ್ಲ ಕೆಲಸಕ್ಕೆ ಬಂತು. ಬೆರಳುಗಳಿಗೆ ಮಾತ್ರ ಯಾವ ಕೀ ಏನು ಅಂತ ಮರೆತಿತ್ತು. ಆದರೆ ಗೆಳೆಯರನ್ನ ಬಿಟ್ಟು ಒಬ್ಬರೇ ಬರಬೇಡಿ. ನಾನು ಹಾಗೆ ಬಂದೆ, ಮೊದಲ ತಿಂಗಳು ಕೇರಿಗೆ ಹೊಸಬನ ಥರ ಇದ್ದೆ.

ನೇರಳೆ ಮಾರ್ಗ

ನಾನು ಮೆಟ್ರೋದಲ್ಲಿ ಫೋನ್ ಹಿಡಿದು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಆಡುವವನು. 2018ರಲ್ಲಿ ಫೋನಿಗೆ ಬಂದಾಗಿನಿಂದ. ಚಲ್ಲಘಟ್ಟದಲ್ಲಿ ಕೂತರೆ ವೈಟ್‌ಫೀಲ್ಡ್‌ವರೆಗೆ ಮರ ಕಡಿಯುತ್ತೇನೆ. ಒಂದು ವಿದ್ಯೆಯಲ್ಲಿ 99ನೇ ಲೆವೆಲ್ ಮುಟ್ಟಲು 1,30,34,431 ಅಂಕ ಬೇಕು. ತಮಾಷೆ ಏನಂದರೆ 92ಕ್ಕೆ ಬಂದಾಗ ಆಗಿರುವುದು ಅರ್ಧ ದಾರಿ. ನಾನೀಗ 93. ಅವಸರ ಇಲ್ಲ.

ಅಂದ ಹಾಗೆ ನಮ್ಮಲ್ಲಿ ಹಾರ್ಡ್‌ಕೋರ್ ಅಂದರೆ ಅರ್ಥವೇ ಬೇರೆ. ಹಾರ್ಡ್‌ಕೋರ್ ಐರನ್‌ಮ್ಯಾನ್ (ಯಾರ ನೆರವೂ ಇಲ್ಲದೆ ಆಡುವ ಪಾತ್ರ) ಒಮ್ಮೆ ಸತ್ತರೆ ಆ ಪಟ್ಟ ಹೋಯಿತು. ವಾರ್‌ಕ್ರಾಫ್ಟ್ ಕ್ಲಾಸಿಕ್‌ನಲ್ಲೂ 2023ರಲ್ಲಿ ಅಂಥ ಸರ್ವರ್ ತೆರೆದರು, ಸತ್ತರೆ ಅಲ್ಲಿಗೆ ಮುಗಿಯಿತು. ಒಂದು ಸಲ ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲಿಗೆ ಫೋನ್ ಕೈಜಾರಿ ನನ್ನ ಐರನ್‌ಮ್ಯಾನ್ ಸತ್ತ. ಪಕ್ಕದಲ್ಲಿದ್ದ ಅಜ್ಜ "ಯಾರಿಗೇನಾಯ್ತಪ್ಪಾ?" ಅಂತ ಕೇಳಿದರು.

ನಿದ್ದೆಗೆಟ್ಟ ಹೀಲರ್

ಎಲ್ಲರಿಗೂ ಥ್ಯಾಂಕ್ಸ್. ಗಡಿಯಾರದ ವಿಷಯ ಹೆಂಡತಿಗೆ ಓದಿ ಹೇಳಿದೆ. "ಮೂರೂವರೆನಾ?" ಅಂತ ಒಂದೇ ಮಾತು ಕೇಳಿದಳು. ಅಲ್ಲಿಗೆ ಮೂರು ರಾತ್ರಿಯ ಮಾತು ಮುಗಿಯಿತು.

ಹಾಜರಿ ಪುಸ್ತಕ ಮೇಡಂ ಹೇಳಿದ ಹಾಗೇ ಬರೆದೆ, ಒಂದಕ್ಷರ ಬದಲಿಸಲಿಲ್ಲ. ಅರ್ಧ ಗಂಟೆಗೆ ಉತ್ತರ ಬಂತು. ಭಾನುವಾರ ಹೀರೋಯಿಕ್, ಹೀಲರ್ ಜಾಗ ನನಗೇ. ಮಿಥಿಕ್ ಪಟ್ಟಿಯಲ್ಲಿ ನನ್ನ ಹೆಸರಿದ್ದ ಕಡೆ ಬರ್ಲಿನ್ ಗೆಳೆಯನ ಸಹೋದ್ಯೋಗಿ ಯಾರೋ ಬಂದಿದ್ದಾನೆ. ಅದನ್ನ ನೋಡಿದಾಗ ಹೊಟ್ಟೆ ಚುರ್ ಅಂತು, ಸುಳ್ಳು ಹೇಳಲ್ಲ. ಕ್ಯಾಶುವಲ್ ಅಂದವನು ರಾತ್ರಿ ಫೋನ್ ಮಾಡಿದ್ದ. ಆ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಗಳ ಹತ್ತಿರ ಫೋನ್ ಕೊಡು ಅಂದ.

ಹಳೇ ಟ್ಯಾಂಕ್ ಅವರೇ, ರೌಟರ್‌ಗೆ ಎಂಥ ಯುಪಿಎಸ್ ಹಾಕಿಸಿದಿರಿ? ನಮ್ಮ ಕಡೆ ಎರಡು ಹನಿ ಬಿದ್ದರೆ ಕರೆಂಟ್ ಹೋಗುತ್ತದೆ.

ಹಳೇ ಟ್ಯಾಂಕ್

ರೌಟರ್‌ಗೆ ಅಂತಲೇ 12 ವೋಲ್ಟ್‌ನ ಪುಟ್ಟ ಯುಪಿಎಸ್ ಸಿಗುತ್ತದೆ, ಅದೇ ಸಾಕು. ಆದರೆ ಫೈಬರ್ ಪೆಟ್ಟಿಗೆ ಬೇರೆ, ರೌಟರ್ ಬೇರೆ ಇದೆಯಾ ನೋಡಿಕೊಳ್ಳಿ. ಬೇರೆ ಬೇರೆ ಇದ್ದರೆ ಎರಡಕ್ಕೂ ಕೊಡಬೇಕು. ನಾನು ಮೊದಲು ರೌಟರ್‌ಗೆ ಮಾತ್ರ ಹಾಕಿದ್ದೆ. ಮುಂದಿನ ಮಳೆಗೆ ಆ 39 ಜನ ಇನ್ನೊಂದು ಸಲ ಸತ್ತರು.