ಬೀನ್ಸ್ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಇಲ್ಲ!

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ಊಟಿಗೆ ಹೋಗಿದ್ದ ತಂಗಿ ಕೆಂಪು ಹೂವಿನ ರನ್ನರ್ ಬೀನ್ಸ್ ಬೀಜ ತಂದುಕೊಟ್ಟಳು. ಡಿಸೆಂಬರ್ ಕೊನೆಗೆ ಹಿತ್ತಲಲ್ಲಿ ಬಿತ್ತಿ ಅಡಿಕೆ ದಬ್ಬೆಯ ಚಪ್ಪರ ಹಾಕಿದೆ. ಬಳ್ಳಿ ಸೂರು ಮುಟ್ಟಿದೆ, ಎಲೆ ಕಡು ಹಸಿರು. ಆದರೆ ಬಿಟ್ಟ ಹೂವೆಲ್ಲ ಉದುರುತ್ತಿದೆ. ಮಾರ್ಚ್ ಬಂದರೂ ಸಿಕ್ಕಿದ್ದು ನಾಲ್ಕೇ ಕಾಯಿ. ವಾರಕ್ಕೊಮ್ಮೆ ಗೋಬರ್ ಗ್ಯಾಸ್ ಸ್ಲರಿ ಹಾಕುತ್ತೇನೆ. ಹುಳ ಇರಬಹುದು ಅಂತ ಎರಡು ಸಲ ಔಷಧಿಯನ್ನೂ ಹೊಡೆದೆ. ಇದು ಯಾವ ರೋಗ?

ಉತ್ತರ (ತೋಟಗಾರಿಕೆ ಸಲಹೆಗಾರ): ರೋಗ ಅಲ್ಲ, ಸೆಕೆ. ಇದು ಮೆಕ್ಸಿಕೊ ಕಡೆಯ ತಂಪು ಗುಡ್ಡಗಳ ಬಳ್ಳಿ. ಬಿಸಿಲು 30 ಡಿಗ್ರಿ ದಾಟಿತು ಅಂದರೆ ಹೂವು ಉದುರಿಸುತ್ತದೆ. ಊಟಿಯಲ್ಲಿ ಆಗಿದ್ದು ತೀರ್ಥಹಳ್ಳಿಯ ಮಾರ್ಚ್‌ನಲ್ಲಿ ಎಲ್ಲಿ ಆಗುತ್ತದೆ!

ಮೊದಲು ಸ್ಲರಿ ನಿಲ್ಲಿಸಿ. ಬೀನ್ಸ್ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದುಕೊಡುತ್ತವೆ. ಅದರ ಮೇಲೆ ನೀವೂ ಸುರಿದರೆ ಬಳ್ಳಿ ಎಲೆ ಬಿಡುತ್ತಾ ಕೂರುತ್ತದೆ. ಬದಲಿಗೆ ಬುಡಕ್ಕೆ ಒಂದು ಹಿಡಿ ಒಲೆ ಬೂದಿ ಹಾಕಿ, ಮೇಲೆ ದರಗು (ಒಣಗಿದ ಎಲೆ) ಮುಚ್ಚಿ. ಪಡುವಣ ಬಿಸಿಲಿಗೆ ಶೇಡ್ ನೆಟ್ ಕಟ್ಟಿ.

ಔಷಧಿ ಹೊಡೆದದ್ದೇ ನನಗೆ ಬೇಜಾರು. ನಮ್ಮ ಮಾಮೂಲಿ ಹುರುಳಿಕಾಯಿ ತನ್ನಷ್ಟಕ್ಕೆ ಕಾಯಿ ಕಟ್ಟುತ್ತದೆ. ಈ ಕೆಂಪು ಹೂವಿಗೆ ಜೇನುಹುಳ ಬಂದು ಕೂರಬೇಕು. ಸುಮ್ನೆ ಹೊಡೆದ ಔಷಧಿ ತುಡುವೆ ಜೇನನ್ನೇ ಓಡಿಸುತ್ತದೆ.

ಮುಂದಿನ ಸಲ ಮಳೆ ಇಳಿದ ಮೇಲೆ, ಅಕ್ಟೋಬರ್ ಮೊದಲಿಗೆ ಬಿತ್ತಿ. ಎರಡು ತಿಂಗಳಿಗೆ ಹೂವು ಬರುತ್ತದೆ, ಆಗ ಚಳಿ ಇರುತ್ತದೆ. ಈ ಬಳ್ಳಿ ಒಣಗಿದರೂ ಬುಡ ಕೀಳಬೇಡಿ. ಅಡಿಯಲ್ಲಿ ಗೆಡ್ಡೆ ಇರುತ್ತದೆ, ಮತ್ತೆ ಚಿಗುರಬಹುದು. ನಮ್ಮ ಮಳೆಗೆ ಕೊಳೆಯದಂತೆ ಮಣ್ಣು ಏರಿಸಿ, ನೀರು ಹರಿದುಹೋಗಲು ಕಾಲುವೆ ತೆಗೆಯಿರಿ.

ಇನ್ನೊಬ್ಬರು (ಸಾಗರ): ನಮ್ಮದು ಮಾಮೂಲಿ ಬೀನ್ಸ್. ಗೇಣುದ್ದ ಆಗುವಷ್ಟರಲ್ಲೇ ಬಾಡಿ ಬೀಳುತ್ತದೆ. ಬುಡ ಊದಿ ಸೀಳಿದೆ.

ಉತ್ತರ: ಅದು ಕಾಂಡದ ನೊಣ. ಎಳೆ ಎಲೆಯಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳು ಕಾಂಡದೊಳಗೇ ಬುಡಕ್ಕೆ ಇಳಿಯುತ್ತದೆ. ಬಿದ್ದ ಗಿಡ ಕಿತ್ತು ಸುಡಿ. ಉಳಿದವಕ್ಕೆ ಸೀಳಿದ ಜಾಗ ಮುಚ್ಚುವಷ್ಟು ಮಣ್ಣು ಏರಿಸಿದರೆ ಅದರ ಮೇಲಿಂದ ಹೊಸ ಬೇರು ಬಿಟ್ಟು ಚೇತರಿಸಿಕೊಳ್ಳುತ್ತವೆ.

ತೀರ್ಥಹಳ್ಳಿಯವರು: ಆ ನಾಲ್ಕು ಕಾಯಿ ಇನ್ನೂ ಬಳ್ಳಿಯಲ್ಲೇ ಇದೆ. ಪಲ್ಯ ಮಾಡಲಾ?

ಉತ್ತರ: ಬೀಜಕ್ಕೆ ಬಿಡಿ. ಈ ಸೆಕೆಯಲ್ಲೂ ಕಟ್ಟಿದ ಕಾಯಿ ಅವು. ಪಲ್ಯಕ್ಕೆ ಈ ವರ್ಷ ಸಂತೆ ಬೀನ್ಸೇ ಗತಿ.