ಅಪ್‌ಡೇಟ್: ಮಗಳಿಗೆ ಗೆಳತಿ ಸಿಕ್ಕಳು

ಹಾಸನದಿಂದ ಮೈಸೂರಿಗೆ ಬಂದು 9ನೇ ಕ್ಲಾಸ್ ಸೇರಿದ ಮಗಳು ಯಾರೊಂದಿಗೂ ಬೆರೆಯುತ್ತಿಲ್ಲ, ಏನು ಮಾಡಲಿ ಅಂತ ಮೂರು ವಾರದ ಹಿಂದೆ ಕೇಳಿದ್ದೆ.

ಕ್ಲಾಸಿನವರನ್ನು ಮನೆಗೆ ಕರೆಯಿರಿ ಅಂದಿದ್ದಿರಿ. ಕರೆದೆ. ಅವಳು ಅಡುಗೆಮನೆ ಬಿಟ್ಟು ಹೊರಗೇ ಬರಲಿಲ್ಲ, ಪಾಪ.

ಕೈಹಿಡಿದದ್ದು ಖೋ ಖೋ. ಮಾತಾಡು ಅಂತ ಒತ್ತಾಯ ಮಾಡಬೇಡಿ, ಆಟಕ್ಕೆ ಸೇರಿಸಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಸಾಲಿನಲ್ಲಿ 8 ಜನ ಕೂತಿರುತ್ತಾರೆ, ಓಡುವವಳು ಬೆನ್ನು ಮುಟ್ಟಿ ಜೋರಾಗಿ 'ಖೋ' ಅನ್ನಲೇಬೇಕು ಅಲ್ವಾ? ಮೊದಲೆರಡು ದಿನ ಇವಳ ದನಿಯೇ ಕೇಳಿಸದೆ ಫೌಲ್ ಆಯಿತಂತೆ. ಮೂರನೇ ದಿನ ಕೂಗಿಯೇ ಬಿಟ್ಟಳಂತೆ!

ಆಮೇಲೆ ಗೊತ್ತಾಗಿದ್ದು, ಪಕ್ಕದ ಬೆಂಚಿನ ಹುಡುಗಿಯೂ ಇವಳಷ್ಟೇ ನಾಚಿಕೆಯವಳು. ಇವಳಿಗೆ ಜಂಬ ಅಂದುಕೊಂಡು ಸುಮ್ನೆ ಇದ್ದಳಂತೆ.

ಇವತ್ತು ಬೆಳಿಗ್ಗೆ, "ಅಮ್ಮ, ಚಿತ್ರಾನ್ನ ಸ್ವಲ್ಪ ಜಾಸ್ತಿ ಹಾಕು, ಅವಳಿಗೂ ಇಷ್ಟ" ಅಂದಳು.