ಬಕೆಟ್‌ನಲ್ಲಿ ಸುಮ್ಮನಿರುವ ಯೂರಿಯಾ ಹೊಲದಲ್ಲಿ ಯಾಕೆ ಅಷ್ಟು ಬೇಗ ಅಮೋನಿಯಾ ಆಗುತ್ತದೆ?

ಹೊಲದಂಚು:
ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಅಂತ ಯೂರಿಯಾ ಎರಚಿದರೆ ಸ್ವಲ್ಪ ದಿನಕ್ಕೇ ಹೊಲದಲ್ಲಿ ಘಾಟು ಬರುತ್ತದೆ. ಅದೇ ಯೂರಿಯಾವನ್ನು ಶುದ್ಧ ನೀರಲ್ಲಿ ಕರಗಿಸಿಟ್ಟರೆ ಏನೂ ಆಗುವುದಿಲ್ಲ. ಮಣ್ಣಿನಲ್ಲಿ ಯೂರಿಯೇಸ್ ಅನ್ನೋ ಕಿಣ್ವ ಇದೆ, ಅದು ಜೈವಿಕ ವೇಗವರ್ಧಕ ಅಂತಾರೆ. ಪಿಯುಸಿಯಲ್ಲಿ ನಾನೂ ಇದನ್ನೇ ಬರೆದು ಮಾರ್ಕ್ಸ್ ತಗೊಂಡವನು. ಆದರೆ ವೇಗ ಹೆಚ್ಚಿಸುತ್ತದೆ ಅಂದರೆ ನಿಜವಾಗಿ ಮಾಡುವುದೇನು? ಶಕ್ತಿ ಕೊಡುತ್ತದಾ? ಕಿಣ್ವದ ಗೂಡಿಗೆ ಯೂರಿಯಾ ಬೀಗಕ್ಕೆ ಕೀಲಿಯ ಹಾಗೆ ಸರಿಯಾಗಿ ಕೂರುತ್ತದೆ ಅನ್ನೋ ಬೀಗ-ಕೀಲಿ ಕಥೆ ದಯವಿಟ್ಟು ಬೇಡ, ಅದು ಬಾಯಿಪಾಠ ಆಗಿದೆ.

ರಸಾಯನ_ಮೇಷ್ಟ್ರು:
ಶಕ್ತಿ ಏನೂ ಕೊಡುವುದಿಲ್ಲ. ಯೂರಿಯಾ ನೀರಿನ ಜೊತೆ ಸೇರಿ ಒಡೆಯುವುದು ಹೇಗೂ ಇಳಿಜಾರಿನ ದಾರಿ, ಆದರೆ ಇಳಿಯುವ ಮೊದಲು ಒಂದು ದಿಬ್ಬ ಹತ್ತಬೇಕು. ಯೂರಿಯಾದ ನಡುವೆ ಇರುವ ಕಾರ್ಬನ್ ಮೇಲೆ ನೀರು ಸುಲಭವಾಗಿ ಎರಗುವುದಿಲ್ಲ, ಯಾಕಂದರೆ ಅಕ್ಕಪಕ್ಕದ ನೈಟ್ರೋಜನ್‌ಗಳು ತಮ್ಮ ಎಲೆಕ್ಟ್ರಾನ್ ಹಂಚಿಕೊಂಡು ಅದನ್ನು ನೆಮ್ಮದಿಯಾಗಿ ಇಟ್ಟಿರುತ್ತವೆ. ಹಾಗಾಗಿ ಶುದ್ಧ ನೀರಲ್ಲಿ ಅರ್ಧ ಯೂರಿಯಾ ಒಡೆಯಲು ದಶಕಗಳೇ ಬೇಕು.

ಯೂರಿಯೇಸ್‌ನಲ್ಲಿ ಯೂರಿಯಾ ಒಡೆಯುವ ಪ್ರತಿ ಗೂಡಿನೊಳಗೆ ಎರಡು ನಿಕಲ್ ಪರಮಾಣುಗಳಿವೆ. ಒಂದು ನಿಕಲ್ ಯೂರಿಯಾದ ಆಕ್ಸಿಜನ್ ಹಿಡಿದು ಎಲೆಕ್ಟ್ರಾನ್ ತನ್ನ ಕಡೆ ಎಳೆಯುತ್ತದೆ, ಆಗ ಕಾರ್ಬನ್‌ಗೆ ರಕ್ಷಣೆ ಕಮ್ಮಿಯಾಗುತ್ತದೆ. ನಿಕಲ್‌ಗೆ ಅಂಟಿದ ನೀರು ಒಂದು ಹೈಡ್ರೋಜನ್ ಕಳೆದುಕೊಂಡು ಚುರುಕಾಗಿರುತ್ತದೆ, ಅದು ಆ ಕಾರ್ಬನ್ ಮೇಲೆ ಎರಗುತ್ತದೆ. ಒಂದು ಅಮೋನಿಯಾ ಹೊರಗೆ. ಉಳಿದ ತುಂಡು ತಾನಾಗೇ ಒಡೆದು ಇನ್ನೊಂದು ಅಮೋನಿಯಾ ಬಿಡುತ್ತದೆ. ಕಿಣ್ವ ಮಾತ್ರ ಮೊದಲಿದ್ದ ಹಾಗೇ ಇರುತ್ತದೆ, ಮುಂದಿನ ಯೂರಿಯಾ ಹಿಡಿಯುತ್ತದೆ, ಸೆಕೆಂಡಿಗೆ ಸಾವಿರಾರು. ಒಟ್ಟು ವೇಗ ಸುಮಾರು ನೂರು ಲಕ್ಷ ಕೋಟಿ ಪಟ್ಟು ಜಾಸ್ತಿ.

ಬೀಗ-ಕೀಲಿ ಬೇಡ ಅಂದಿದ್ದು ಒಳ್ಳೆಯದೇ. ಯೂರಿಯಾ ಅಷ್ಟು ಚೆನ್ನಾಗಿ ಕೂತುಬಿಟ್ಟರೆ ಅಲ್ಲೇ ಹಾಯಾಗಿ ಇದ್ದುಬಿಡುತ್ತದೆ, ಒಡೆಯುವುದು ಯಾಕೆ? ಕಿಣ್ವದ ಗೂಡು ಅತಿ ಚೆನ್ನಾಗಿ ಹೊಂದುವುದು ಅರ್ಧ ಒಡೆದ, ತಿರುಚಿದ ರೂಪಕ್ಕೆ, ಅಂದರೆ ದಿಬ್ಬದ ತುದಿಯಲ್ಲಿರುವ ರೂಪಕ್ಕೆ. ದಿಬ್ಬ ತಗ್ಗುವುದು ಇದರಿಂದಲೇ. ಕೊನೆಗೆ ಎಷ್ಟು ಅಮೋನಿಯಾ ಆಗುತ್ತದೆ ಅನ್ನುವುದನ್ನು ಅದು ಬದಲಿಸುವುದಿಲ್ಲ, ಎಷ್ಟು ಬೇಗ ಅನ್ನುವುದನ್ನು ಮಾತ್ರ.

ಹಳೇ_ಬ್ಯಾಚ್:
ಒಂದು ಸೇರಿಸುತ್ತೇನೆ. ಮೊಟ್ಟಮೊದಲು ಹರಳುಗಟ್ಟಿಸಿದ ಕಿಣ್ವವೂ ಯೂರಿಯೇಸೇ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆಕಾಳಿನಿಂದ ತೆಗೆದು, ಇದು ಪ್ರೋಟೀನ್ ಅಂದರು. ಜರ್ಮನಿಯ ದೊಡ್ಡವರು ನಂಬಲೇ ಇಲ್ಲ. ನೊಬೆಲ್ ಬರಲು 1946 ಆಯಿತು. ಹದಿಹರೆಯದಲ್ಲಿ ಬೇಟೆಗೆ ಹೋಗಿ ಎಡಗೈ ಕಳೆದುಕೊಂಡಿದ್ದ ಮನುಷ್ಯ, ಒಂದೇ ಕೈಯಲ್ಲಿ ಲ್ಯಾಬ್ ಕೆಲಸ!

ಹೊಲದಂಚು:
ಈಗ ಅರ್ಥ ಆಯಿತು ಸರ್. ಹಾಗಾದರೆ ಇದನ್ನು ತಡೆಯೋಕೆ ಆಗಲ್ವಾ? ಬೇವು ಲೇಪಿತ ಯೂರಿಯಾ ಹಾಕಿದರೂ ವಾಸನೆ ಬರುತ್ತದಲ್ಲ.

ಸೋಯಾ_ಲ್ಯಾಬ್:
ಬೇವು ಮುಖ್ಯವಾಗಿ ತಡೆಯುವುದು ಮುಂದಿನ ಹೆಜ್ಜೆಯನ್ನು, ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾದ ಕೆಲಸವನ್ನು. ಯೂರಿಯೇಸ್ ತಡೆಯಲು ಬೇರೆ ರಾಸಾಯನಿಕಗಳಿವೆ, ಅವು ಆ ನಿಕಲ್ ಜಾಗದಲ್ಲೇ ಹೋಗಿ ಕೂರುತ್ತವೆ. ಅದಕ್ಕಿಂತ ಸುಲಭ, ಎರಚಿ ಹಾಗೇ ಬಿಡಬೇಡಿ. ಮಣ್ಣು ಮುಚ್ಚಿ ಇಲ್ಲವೇ ಹಾಕಿದ ತಕ್ಷಣ ನೀರು ಕೊಡಿ, ಅಮೋನಿಯಾ ಗಾಳಿಗೆ ಹೋಗದೆ ಮಣ್ಣಲ್ಲೇ ಉಳಿಯುತ್ತದೆ. ಬಿಸಿಲು ಜಾಸ್ತಿ, ಮಣ್ಣು ಸುಣ್ಣದ್ದು ಅಂದರೆ ನಷ್ಟವೂ ಜಾಸ್ತಿ.

ಕಣ್ಣಲ್ಲಿ ನೋಡಬೇಕಾದರೆ ಹಸಿ ಸೋಯಾ ಹಿಟ್ಟನ್ನು ಯೂರಿಯಾ ನೀರಿಗೆ ಕಲಸಿ, ಚಿಟಿಕೆ ಅರಿಶಿನ ಹಾಕಿ. ಸೋಯಾದಲ್ಲೂ ಯೂರಿಯೇಸ್ ಇದೆ. ಸ್ವಲ್ಪ ಹೊತ್ತಿಗೆ, ಅರಿಶಿನಕ್ಕೆ ಸುಣ್ಣ ಸೋಕಿದ ಹಾಗೆ ಕೆಂಪಾಗುತ್ತದೆ, ಅಮೋನಿಯಾ ಕ್ಷಾರ ಅಲ್ವಾ. ಚೆನ್ನಾಗಿ ಬೇಯಿಸಿದ ಸೋಯಾದಲ್ಲಿ ಆಗುವುದಿಲ್ಲ, ಬಿಸಿಗೆ ಕಿಣ್ವದ ಮಡಿಕೆ ಬಿಚ್ಚಿಹೋಗಿ ಗೂಡೇ ಉಳಿದಿರುವುದಿಲ್ಲ. ಪಶು ಆಹಾರದವರು ಸೋಯಾ ಹಿಂಡಿ ಸರಿಯಾಗಿ ಬೆಂದಿದೆಯಾ ಅಂತ ನೋಡುವುದೂ ಈ ಯೂರಿಯೇಸ್ ಪರೀಕ್ಷೆಯಿಂದಲೇ. ಮಾಡಿದ ಪಾತ್ರೆಯನ್ನು ಮಾತ್ರ ಅಡುಗೆಮನೆಗೆ ವಾಪಸ್ ಕೊಡಬೇಡಿ.